ಬಾಗಿಲು ಮುಚ್ಚುವ ಮುನ್ನ: ಲಾಕ್‌ಡೌನ್ ಕುರಿತ ತಜ್ಞರ ವಾದ ಮತ್ತು ಕಾಯಕದ ಪ್ರಶ್ನೆ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು. ರೋಗದ ಉಗ್ರತೆ ಅಡಗಿದರೂ ಲಾಕ್‌ಡೌನ್ ಸರಿಯೇ ತಪ್ಪೇ ಎಂಬ ವಾದ ಇಂದಿಗೂ ಅಡಗಿಲ್ಲ. ಲಾಕ್‌ಡೌನನ್ನು ಬಲವಾಗಿ ವಿರೋಧಿಸಿದ್ದ ಜಯ್ ಭಟ್ಟಾಚಾರ್ಯ ಅವರು 2025ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಶೋಧನಾ ಸಂಸ್ಥೆಗಳ ಮುಖ್ಯಸ್ಥರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಸದಸ್ಯ ರಾಷ್ಟ್ರಗಳು ಸಾಂಕ್ರಾಮಿಕಗಳನ್ನು ಎದುರಿಸುವ ಜಾಗತಿಕ ಒಪ್ಪಂದವೊಂದನ್ನು ಅಂಗೀಕರಿಸಿದವು. ಇವು ದೂರದ ಸುದ್ದಿಗಳೆಂದು ನಾವು ಸುಮ್ಮನಿರುವಂತಿಲ್ಲ. ಮತ್ತೊಂದು ಪಿಡುಗು ಬಂದಾಗ ಕುರುಬರಹಳ್ಳಿಯ ಅಂಗಡಿ, ರಾಜಾಜಿನಗರದ ಕಾರ್ಖಾನೆ, ಕೆಂಗೇರಿಯ ಶಾಲೆ ಇವುಗಳ ಬಾಗಿಲು ತೆರೆದಿರಬೇಕೇ ಎಂಬುದು ಈ ವಾದದ ತೀರ್ಮಾನವನ್ನೇ ಅವಲಂಬಿಸಿರುತ್ತದೆ.

ವಾದದ ಎರಡು ಪಕ್ಷಗಳು 2020ರ ಅಕ್ಟೋಬರ್‌ನಲ್ಲಿ ಸ್ಪಷ್ಟ ರೂಪ ತಳೆದವು. ಭಟ್ಟಾಚಾರ್ಯ, ಸುನೇತ್ರಾ ಗುಪ್ತಾ ಹಾಗೂ ಮಾರ್ಟಿನ್ ಕುಲ್ಡಾರ್ಫ್ ಅವರು ಹೊರಡಿಸಿದ ಗ್ರೇಟ್ ಬ್ಯಾರಿಂಗ್ಟನ್ ಘೋಷಣೆಯು, ವೃದ್ಧರನ್ನೂ ದುರ್ಬಲರನ್ನೂ ವಿಶೇಷವಾಗಿ ರಕ್ಷಿಸಿ ಉಳಿದವರನ್ನು ಸಹಜ ಜೀವನಕ್ಕೆ ಬಿಡಬೇಕೆಂದು ಹೇಳಿತು. ಅದೇ ತಿಂಗಳು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಜಾನ್ ಸ್ನೋ ಹೇಳಿಕೆಯು ಇದನ್ನು ಅಲ್ಲಗಳೆಯಿತು. ಸೋಂಕು ಹಬ್ಬಲು ಬಿಟ್ಟು ದುರ್ಬಲರನ್ನಷ್ಟೇ ಕಾಯುವುದು ಅಸಾಧ್ಯವೆಂಬುದು ಅದರ ನಿಲುವು. ಎರಡೂ ಕಡೆ ಇದ್ದವರು ವಿದ್ವಾಂಸರೇ. ಆದ್ದರಿಂದ ಯಾರು ದೊಡ್ಡವರೆಂದು ನೋಡುವುದಕ್ಕಿಂತ, ಅವರ ಮಾತು ನಮ್ಮ ನೆಲದಲ್ಲಿ ಎಷ್ಟು ನಿಲ್ಲುತ್ತದೆಂದು ನೋಡುವುದೇ ಲೇಸು.

ದೇಶದ ಮೊದಲ ಕೋವಿಡ್ ಸಾವು ಸಂಭವಿಸಿದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್ 10ರಂದು. ಮಾರ್ಚ್ 25ರಿಂದ ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದು, ಹಂತಹಂತವಾಗಿ ಮೇ 31ರವರೆಗೆ ಮುಂದುವರಿಯಿತು. ಅದೇ ಜುಲೈನಲ್ಲಿ ಬೆಂಗಳೂರಿಗೆ ಮತ್ತೊಂದು ವಾರದ ಲಾಕ್‌ಡೌನ್ ಬಂತು. 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಮುಚ್ಚಿತು. 2020ರ ಏಪ್ರಿಲ್ 26 ಹಾಗೂ 2021ರ ಮೇ 14, ಹೀಗೆ ಎರಡು ವರ್ಷದ ಬಸವ ಜಯಂತಿಗಳೂ ಮುಚ್ಚಿದ ಬಾಗಿಲುಗಳ ಒಳಗೇ ನಡೆದವೆಂಬುದನ್ನು ಸದ್ಭಕ್ತರು ಮರೆತಿರಲಾರರು.

ಮೊದಲ ಲಾಕ್‌ಡೌನಿನ ಸಮರ್ಥಕರು ಹೇಳುವ ಒಂದು ಮಾತು ಗಟ್ಟಿಯಾದುದು. ಆಗ ಲಸಿಕೆ ಇರಲಿಲ್ಲ. ಪರೀಕ್ಷಾಲಯಗಳೂ ಆಮ್ಲಜನಕದ ಹಾಸಿಗೆಗಳೂ ವೈದ್ಯರ ರಕ್ಷಾಕವಚಗಳೂ ಸಾಲದಾಗಿದ್ದವು. ಸಿದ್ಧತೆಗೆ ಸಮಯ ಬೇಕಿತ್ತು. ದುರ್ಬಲರನ್ನಷ್ಟೇ ಪ್ರತ್ಯೇಕಿಸಬೇಕೆಂಬ ಸಲಹೆ ನಮ್ಮ ವಠಾರಗಳಲ್ಲಿ ನಡೆಯುವಂಥದೂ ಅಲ್ಲ. ಒಂದೇ ಕೋಣೆ, ಒಂದು ಅಡುಗೆಮನೆಯಲ್ಲಿ ಅಜ್ಜ, ಮಗ, ಸೊಸೆ, ಮೊಮ್ಮಕ್ಕಳು ಬದುಕುವಾಗ ಅಜ್ಜನಿಗೆ ಬೇರೆ ಕೋಣೆ ಎಲ್ಲಿಂದ ತರುವುದು? 2020ರ ಸೆಪ್ಟೆಂಬರ್‌ನಲ್ಲಿ ರಾಜ್ಯ ನಡೆಸಿದ ರಕ್ತಪರೀಕ್ಷಾ ಸಮೀಕ್ಷೆಯು ಜನಸಂಖ್ಯೆಯ ಶೇ. 27.3ರಷ್ಟು ಮಂದಿಗೆ ಅದಾಗಲೇ ಸೋಂಕು ತಗಲಿದೆ ಎಂದು ಅಂದಾಜಿಸಿತು. ರೋಗ ಲೆಕ್ಕಕ್ಕೆ ಸಿಕ್ಕಿದ್ದಕ್ಕಿಂತ ಬಹಳ ವ್ಯಾಪಕವಾಗಿ ಹಬ್ಬಿತ್ತೆಂದು ವಿರೋಧಿಗಳು ಇದನ್ನು ತೋರಿಸಬಹುದು. ಆದರೆ ಸುಮಾರು ಮುಕ್ಕಾಲು ಪಾಲು ಜನ ಇನ್ನೂ ಸೋಂಕಿಗೆ ಒಡ್ಡಿಕೊಂಡಿರಲಿಲ್ಲವೆಂಬುದನ್ನೂ ಅದೇ ಸಂಖ್ಯೆ ಹೇಳುತ್ತದೆ.

ಇನ್ನೊಂದು ತಟ್ಟೆಯ ತೂಕವೂ ಕಡಿಮೆಯದಲ್ಲ. ದಿನಗೂಲಿಯವನ ಕಾಯಕ ನಿಂತ ದಿನವೇ ಒಲೆಯೂ ನಿಲ್ಲುತ್ತದೆ. ಲಾಕ್‌ಡೌನ್ ಆರಂಭವಾಗಿ ಆರು ವಾರಗಳ ಬಳಿಕ, ಮೇ 6ರಂದು ರಾಜ್ಯ ಸರ್ಕಾರ 1,610 ಕೋಟಿ ರೂಪಾಯಿಗಳ ನೆರವು ಘೋಷಿಸಿತು. ಕ್ಷೌರಿಕರು, ಮಡಿವಾಳರು, ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ 5,000 ರೂಪಾಯಿ. ಬೆಂಗಳೂರಿನಲ್ಲಿ ಅದು ಬಾಡಿಗೆಗೂ ಸಾಲದ ಮೊತ್ತ. ಅದೇ ವಾರ, ಕಟ್ಟಡ ನಿರ್ಮಾಣದ ಉದ್ಯಮಿಗಳೊಡನೆ ಸಭೆ ನಡೆದ ಮೇಲೆ ವಲಸೆ ಕಾರ್ಮಿಕರ ರೈಲುಗಳನ್ನು ಸರ್ಕಾರ ರದ್ದುಗೊಳಿಸಿತು. ಟೀಕೆ ಎದ್ದ ಬಳಿಕ ಆ ನಿರ್ಧಾರವನ್ನು ಕೈಬಿಟ್ಟಿತು. ದುಡಿಯಲು ಬಿಡದೆ, ಊರಿಗೆ ಹೋಗಲೂ ಬಿಡದೆ ಮನುಷ್ಯನನ್ನು ಹಿಡಿದಿಡುವುದು ಯಾವ ಆರೋಗ್ಯಶಾಸ್ತ್ರದ ಪಾಠವೂ ಅಲ್ಲ.

ಮಕ್ಕಳ ಪಾಲಿಗೆ ಬಿದ್ದ ಹೊರೆ ಇನ್ನೂ ದೀರ್ಘವಾದುದು. ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಕರ್ನಾಟಕವೂ ಸೇರಿದಂತೆ ಐದು ರಾಜ್ಯಗಳ ಸರ್ಕಾರಿ ಶಾಲೆಗಳ 16,067 ಮಕ್ಕಳನ್ನು ಅಧ್ಯಯನ ಮಾಡಿತು. ಹಿಂದೆ ಕಲಿತಿದ್ದ ಕನಿಷ್ಠ ಒಂದು ಭಾಷಾಕೌಶಲವನ್ನು ಶೇ. 92ರಷ್ಟು ಮಕ್ಕಳು ಕಳೆದುಕೊಂಡಿದ್ದರು. ಶಾಲೆ ತೆರೆಯಬೇಕೆಂದು ಡಾ. ದೇವಿ ಶೆಟ್ಟಿ ಅಧ್ಯಕ್ಷತೆಯ ತಜ್ಞರ ಸಮಿತಿ 2021ರ ಜೂನ್‌ನಲ್ಲಿ ಸಲಹೆ ನೀಡಿತ್ತು. ಆದರೂ ಒಂದರಿಂದ ಐದನೇ ತರಗತಿಯ ಮಕ್ಕಳು ಶಾಲೆಗೆ ಮರಳಿದ್ದು ಅಕ್ಟೋಬರ್ 25ರಂದು.

ತಜ್ಞರ ಮಾತು ಕೇಳಿದ್ದರಿಂದಲೇ ಕೇಡಾಯಿತೆಂದು ಹೇಳುವವರು ಎರಡನೇ ಅಲೆಯ ಮುನ್ನಿನ ದಿನಗಳನ್ನು ನೆನೆಯಬೇಕು. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ರಾಜ್ಯ ತಾಂತ್ರಿಕ ಸಲಹಾ ಸಮಿತಿಯು ಎರಡನೇ ಅಲೆಯ ಎಚ್ಚರಿಕೆಯನ್ನು 2020ರ ಕೊನೆಯಲ್ಲೇ ನೀಡಿತ್ತು. ಡಿಸೆಂಬರ್‌ನಲ್ಲಿ ಘೋಷಿಸಿದ ರಾತ್ರಿ ಕರ್ಫ್ಯೂವನ್ನು ಸರ್ಕಾರ ಜಾರಿಯಾಗುವ ದಿನವೇ ಹಿಂಪಡೆಯಿತು. 2021ರ ಏಪ್ರಿಲ್‌ನಲ್ಲಿ ಸೋಂಕು ಏರುತ್ತಿದ್ದಾಗ ಬೆಳಗಾವಿ, ಮಸ್ಕಿ ಮತ್ತು ಶರಣರ ನೆಲವಾದ ಬಸವಕಲ್ಯಾಣದಲ್ಲಿ ಉಪಚುನಾವಣೆಯ ಪ್ರಚಾರ ನಡೆದಿತ್ತು. ಮೇ 5ರಂದು ಒಂದೇ ದಿನ ರಾಜ್ಯದಲ್ಲಿ 50,112 ಪ್ರಕರಣಗಳು ದಾಖಲಾದವು. ಅದಕ್ಕೆ ಕೆಲವೇ ದಿನಗಳ ಹಿಂದೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಆಮ್ಲಜನಕದ ಕೊರತೆಯ ದುರಂತ ಸಂಭವಿಸಿ, ಅಧಿಕೃತ ಲೆಕ್ಕದಂತೆಯೇ 24 ಜೀವಗಳು ಹೋಗಿದ್ದವು. ಸಣ್ಣ ನಿರ್ಬಂಧ ಸಾಕಾಗುವ ಕಾಲದಲ್ಲಿ ಕೈಕಟ್ಟಿ ಕುಳಿತದ್ದರಿಂದ ದೊಡ್ಡ ನಿರ್ಬಂಧ ಅನಿವಾರ್ಯವಾಯಿತು. ಲಾಕ್‌ಡೌನ್ ಎಂಬುದು ಬಹುಮಟ್ಟಿಗೆ ತಡವಾಗಿ ಎಚ್ಚೆತ್ತವರ ಅಸ್ತ್ರವೆಂಬುದು ಇದರಿಂದ ತಿಳಿಯುತ್ತದೆ.

2022ರ ಜನವರಿಯಲ್ಲಿ ಮೂರನೇ ಅಲೆ ಬಂದಾಗ ಅಳತೆಗೋಲು ಬದಲಾಯಿತು. ಲಸಿಕೆ ಬಹುಜನರನ್ನು ತಲುಪಿತ್ತು, ಆಸ್ಪತ್ರೆ ಸೇರುವವರ ಪ್ರಮಾಣ ಕಡಿಮೆಯಿತ್ತು. ಪ್ರಕರಣಗಳು ಏರುತ್ತಿದ್ದರೂ ವಾರಾಂತ್ಯದ ಕರ್ಫ್ಯೂವನ್ನು ಜನವರಿ 21ರಂದು ಕೈಬಿಡಲಾಯಿತು. ಸೋಂಕಿತರ ಸಂಖ್ಯೆಯೊಂದನ್ನೇ ನೋಡದೆ ಆಸ್ಪತ್ರೆಯ ಹಾಸಿಗೆಯನ್ನೂ ದುಡಿಯುವವನ ಹೊಟ್ಟೆಯನ್ನೂ ಒಟ್ಟಿಗೆ ಎಣಿಸಿದ ನಿರ್ಧಾರವದು.

ಬೆಂಗಳೂರಿಗೆ ಈ ಪಾಠ ಹೊಸದಲ್ಲ. 1898ರಲ್ಲಿ ಪ್ಲೇಗ್ ಬಂದಾಗಲೂ ಮನೆ ತೆರವು, ತಪಾಸಣೆ, ಪ್ರತ್ಯೇಕವಾಸಗಳನ್ನು ಜನರ ಮೇಲೆ ಹೇರಲಾಗಿತ್ತು. ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಜನ ದಂಗೆಯೆದ್ದರು. ವಿಶ್ವಾಸ ಗಳಿಸದ ಆಜ್ಞೆ ಎಷ್ಟೇ ಶಾಸ್ತ್ರೀಯವಾಗಿದ್ದರೂ ಜನರ ಮನೆಬಾಗಿಲಲ್ಲಿ ಸೋಲುತ್ತದೆ. ಆದರೆ ಪ್ಲೇಗಿನ ಬಳಿಕ ಬಸವನಗುಡಿ, ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳೂ ಬೆಳೆದವು. ಕೋವಿಡ್ ಹೋದ ಮೇಲೆ ನಮ್ಮ ವಠಾರಗಳಿಗೆ ಅಂಥದೇನು ದಕ್ಕಿತು ಎಂಬ ಪ್ರಶ್ನೆಗೆ ಆಳುವವರು ಉತ್ತರಿಸಬೇಕಾಗಿದೆ.

ಶರಣ ಪರಂಪರೆಯಲ್ಲಿ ವೈದ್ಯ ಸಂಗಣ್ಣನಿಗೂ ಸ್ಥಾನವಿತ್ತು, ಬಿದ್ದ ಅಕ್ಕಿಯನ್ನಾಯ್ದು ದಾಸೋಹ ನಡೆಸಿದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮರಿಗೂ ಸ್ಥಾನವಿತ್ತು. ಅನುಭವ ಮಂಟಪದಲ್ಲಿ ಬಲ್ಲವನೂ ದುಡಿಯುವವನೂ ಸಮನಾಗಿ ಕುಳಿತು ಮಾತನಾಡಿದರು. ಸಾರ್ವಜನಿಕ ಆರೋಗ್ಯಕ್ಕೂ ಈ ಕ್ರಮವೇ ತಕ್ಕುದು. ಸಲಹಾ ಸಮಿತಿಯಲ್ಲಿ ವೈದ್ಯರೊಡನೆ ಶಿಕ್ಷಕರು, ಆಶಾ ಕಾರ್ಯಕರ್ತೆಯರು, ಕಾರ್ಮಿಕರ ಪ್ರತಿನಿಧಿಗಳು ಇರಬೇಕು. ಪ್ರತಿ ನಿರ್ಬಂಧದ ಕಾರಣವೂ ಅವಧಿಯೂ ಕನ್ನಡದಲ್ಲಿ ಪ್ರಕಟವಾಗಬೇಕು. ಒಬ್ಬನ ಕಾಯಕವನ್ನು ಸಮಾಜದ ಹಿತಕ್ಕಾಗಿ ನಿಲ್ಲಿಸಿದರೆ, ಅವನ ಅನ್ನದ ಹೊಣೆಯನ್ನು ಸಮಾಜ ಅದೇ ದಿನದಿಂದ ಹೊರಬೇಕು. ಅದನ್ನು ಭಿಕ್ಷೆಯೆಂದು ಕರೆಯಲಾಗದು. ಅದು ಸಲ್ಲಬೇಕಾದ ಋಣ.

ಮಠಮಾನ್ಯಗಳಿಗೂ ಇಲ್ಲಿ ಕರ್ತವ್ಯವಿದೆ. ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹಕ್ಕೆ ಆರೋಗ್ಯದ ಅರಿವನ್ನೂ ಸೇರಿಸಬಹುದು. ನಮ್ಮ ಬೀದಿಗಳಲ್ಲಿ ಒಂಟಿಯಾಗಿರುವ ವೃದ್ಧರು ಯಾರು, ದಿನಗೂಲಿ ಕುಟುಂಬಗಳು ಎಷ್ಟು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಏನಿದೆ ಏನಿಲ್ಲ ಎಂಬುದನ್ನು ಭಕ್ತವೃಂದ ಇಂದೇ ಅರಿತಿರಲಿ. ತಜ್ಞರ ವಾದ ಮುಂದೆಯೂ ನಡೆಯುತ್ತದೆ, ನಡೆಯಲೂಬೇಕು. ಅದು ಇತ್ಯರ್ಥವಾಗುವವರೆಗೆ ಕಾಯದೆ ನೆರೆಮನೆಯ ಒಲೆ ಆರದಂತೆ ನೋಡಿಕೊಳ್ಳುವುದು ನಮ್ಮೆಲ್ಲರ ಕಾಯಕ.