ತಗ್ಗಿದ ವ್ಯಾನು, ತಗ್ಗದ ಅಪಾಯ

ವಾಹನ ನೆಲಕ್ಕೆ ಹತ್ತಿರವಾದಷ್ಟೂ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮುಂದಿನ ಸ್ಪ್ರಿಂಗ್ ಕತ್ತರಿಸಿ, ಹಿಂದಿನ ಕಮಾನು ಪಟ್ಟಿ ಕಳಚಿ ತಗ್ಗಿಸಿದ ಹಳೆಯ ವ್ಯಾನು ರಾಯಚೂರು ಸೀಮೆಯ ಗುಂಜಹಳ್ಳಿಯಂಥ ಊರಿನ ರಸ್ತೆಯಲ್ಲಿ ಜನರನ್ನು ತುಂಬಿಕೊಂಡು ಓಡುವುದನ್ನು ನೆನೆದರೆ ನನ್ನನ್ನು ಕಾಡುವುದು ಅದರ ಅಂದಚಂದವಲ್ಲ, ಒಳಗೆ ಕುಳಿತವರ ಸುರಕ್ಷತೆ.

ಗುರುತ್ವ ಕೇಂದ್ರ ಕೆಳಗಿಳಿದರೆ ಮಗುಚುವ ಸಂಭವ ಕಡಿಮೆಯಾಗುತ್ತದೆ ಎಂಬುದು ನಿಜ. ಆದರೆ ಅದು ಅರ್ಧ ಸತ್ಯ. 2019ರಲ್ಲಿ ತಯಾರಿಕೆ ನಿಂತರೂ ಇಂದಿಗೂ ಓಡುತ್ತಿರುವ ಮಾರುತಿ ಓಮ್ನಿಯನ್ನೇ ನೋಡಿ. ಅದರ ಮುಂಗಾಲಿಗಳಿಗೆ ಸುರುಳಿ ಸ್ಪ್ರಿಂಗ್, ಹಿಂಗಾಲಿಗಳಿಗೆ ಕಮಾನು ಪಟ್ಟಿ. ಮುಂದಿನ ಸುರುಳಿಯನ್ನು ಕತ್ತರಿಸಿದೊಡನೆ ಗಾಲಿಯನ್ನು ಹಿಡಿದ ತೋಳಿನ ಕೋನವೂ, ಸ್ಟಿಯರಿಂಗ್ ಸರಳಿನ ಕೋನವೂ ಬದಲಾಗುತ್ತವೆ. ಗಾಲಿ ಗುಂಡಿಗೆ ಇಳಿದಾಗ ಚಾಲಕ ತಿರುಗಿಸದಿದ್ದರೂ ವಾಹನ ಪಕ್ಕಕ್ಕೆ ಎಳೆಯುತ್ತದೆ. ಟೈರಿನ ಒಳಅಂಚು ಬೇಗ ಸವೆಯುತ್ತದೆ. ಕುಸಿತಕ್ಕೆ ಉಳಿದ ಜಾಗ ಕಡಿಮೆಯಾದ್ದರಿಂದ, ಜನ ತುಂಬಿದಾಗ ಗಾಲಿಯ ಜೋಡಣೆ ರಬ್ಬರಿನ ತಡೆಗೆ ಹೋಗಿ ಬಡಿಯುತ್ತದೆ. ತಿರುವಿನ ನಡುವೆ ಹೀಗಾದರೆ ಟೈರಿನ ಹಿಡಿತ ಥಟ್ಟನೆ ತಪ್ಪಬಹುದು.

ಬ್ರೇಕಿನದು ಇನ್ನೂ ಸೂಕ್ಷ್ಮ ವಿಚಾರ. ಹಿಂಬದಿ ಎಷ್ಟು ಕುಸಿದಿದೆ ಎಂಬುದನ್ನು ನೋಡಿ ಹಿಂಗಾಲಿಗಳ ಬ್ರೇಕ್ ಒತ್ತಡವನ್ನು ನಿರ್ಧರಿಸುವ ಕವಾಟ ಕೆಲವು ವ್ಯಾನುಗಳಲ್ಲಿರುತ್ತದೆ. ತಗ್ಗಿಸಿದ ವ್ಯಾನು ಖಾಲಿಯಿದ್ದರೂ ಭಾರ ತುಂಬಿದೆ ಎಂದೇ ಅದು ತಿಳಿಯುತ್ತದೆ. ಆಗ ಹಿಂಗಾಲಿಗಳು ಬಿಗಿದು ವಾಹನ ಜಾರುತ್ತದೆ.

ಇದೆಲ್ಲ ನಡೆಯುವುದು ನುಣುಪಾದ ರಸ್ತೆಯಲ್ಲೂ ಅಲ್ಲ. ಮಾನ್ವಿ, ದೇವದುರ್ಗದ ಎರೆಭೂಮಿ ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವಂಥದು. ಅದರ ಮೇಲಿನ ಡಾಂಬರಿಗೂ ಅದೇ ಗತಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದಂತೆ ರಸ್ತೆಯುಬ್ಬು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲವಿರಬೇಕು. ಹಳ್ಳಿಯವರೇ ಹಾಕಿಕೊಂಡ ಉಬ್ಬುಗಳು ಈ ಅಳತೆಯನ್ನು ಕೇಳುವುದಿಲ್ಲ. ತಳ ತಾಗುವ ಭಯಕ್ಕೆ ಚಾಲಕ ಉಬ್ಬನ್ನು ತಪ್ಪಿಸಿ ರಸ್ತೆಯಂಚಿಗೆ ಇಳಿದರೆ ಅಲ್ಲಿರುವವರು ಪಾದಚಾರಿಗಳು.

ಕಾನೂನು ಇಲ್ಲವೆಂದಲ್ಲ. ತಯಾರಕರು ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ, ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಎರಡನ್ನೂ ವಿಧಿಸಲು ಅವಕಾಶ ನೀಡಿತು.

ಆದರೆ ತಪಾಸಣೆ ಎಲ್ಲಿದೆ? ಬಾಡಿಗೆ ವಾಹನ 8 ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿವರ್ಷ ಅರ್ಹತಾ ಪತ್ರ ಪಡೆಯಬೇಕು. ಸ್ವಂತ ಬಳಕೆಯ ವ್ಯಾನಿಗೋ ನೋಂದಣಿಯ 15 ವರ್ಷ ತುಂಬುವವರೆಗೆ ಅಂಥ ಪರೀಕ್ಷೆಯೇ ಇಲ್ಲ. ಕತ್ತರಿಸಿದ ಸ್ಪ್ರಿಂಗ್ ಅಷ್ಟು ಕಾಲ ಯಾರ ಕಣ್ಣಿಗೂ ಬೀಳದೆ ಉಳಿಯಬಹುದು.

ಯುವಕರ ಅಭಿರುಚಿಯನ್ನೇ ಅಪರಾಧವೆನ್ನುವುದು ನನ್ನ ವಾದವಲ್ಲ. ಜರ್ಮನಿಯಲ್ಲಿ ಇಂಥ ಬದಲಾವಣೆಯನ್ನು ತಜ್ಞರು ಪರೀಕ್ಷಿಸಿ, ಒಪ್ಪಿಗೆಯಾದರೆ ವಾಹನದ ದಾಖಲೆಯಲ್ಲಿ ನಮೂದಿಸುವ ಪದ್ಧತಿಯಿದೆ. ಹೊಂದಿಕೆಯಾಗುವ ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಬಳಸಿ, ಗಾಲಿಗಳ ಕೋನವನ್ನು ಮತ್ತೆ ಸರಿಪಡಿಸಿದ ಕೆಲಸಕ್ಕೂ, ಕಟ್ಟರ್ ಹಿಡಿದು ಎರಡು ಸುತ್ತು ಕತ್ತರಿಸುವುದಕ್ಕೂ ಅಜಗಜಾಂತರ.

ಹೊಗೆ ತಪಾಸಣೆಗೆ ಪ್ರತಿಯೊಂದು ವಾಹನವೂ ಬರಲೇಬೇಕು. ಅಲ್ಲಿಯೇ ಸ್ಪ್ರಿಂಗ್ ಮತ್ತು ಟೈರುಗಳ ಮೇಲೂ ಒಮ್ಮೆ ಕಣ್ಣಾಡಿಸುವ ವ್ಯವಸ್ಥೆ ಮಾಡಲಿ. ಸಾರಿಗೆ ಇಲಾಖೆ ತಾಲ್ಲೂಕು ಕೇಂದ್ರಗಳಲ್ಲಿ ಮೆಕ್ಯಾನಿಕ್‌ಗಳಿಗೆ ತಿಳಿವಳಿಕೆ ನೀಡಲಿ. ಮಾಡಿದ ಕೆಲಸವನ್ನು ರಸೀದಿಯಲ್ಲಿ ಬರೆದುಕೊಡುವುದನ್ನು ಗ್ಯಾರೇಜುಗಳಿಗೆ ಕಡ್ಡಾಯ ಮಾಡಲಿ. ವ್ಯಾನು ತಗ್ಗಿಸುವ ತೀರ್ಮಾನ ಮಾಲೀಕನದು. ಅದರ ಪರಿಣಾಮವನ್ನು ಹಿಂದಿನ ಸೀಟಿನಲ್ಲಿ ಕುಳಿತವರು ಉಣ್ಣಬೇಕಾಗಿ ಬರುವುದು ನ್ಯಾಯವಲ್ಲ.