ನಿಂತದ್ದೆಲ್ಲ ಕೆಟ್ಟದ್ದಲ್ಲ



ಮಂಡಿನೋವಿನ ಹಿರಿಯರಿಗಾಗಿ ನಿಮ್ಮಲ್ಲಿ ಕೆಲವರು ಮನೆಯ ಮೆಟ್ಟಿಲಿಗೆ ಸ್ಟೇರ್‌ಲಿಫ್ಟ್ ಹಾಕಿಸಿದ್ದೀರಿ, ಸಂತೋಷ. ಆದರೆ ಅದು ನಿಂತೊಡನೆ ಕೆಟ್ಟಿತೆಂದು ತೀರ್ಮಾನಿಸಿ, ಮೆಕ್ಯಾನಿಕ್ ಬರುವವರೆಗೆ ಅವರನ್ನು ಮಹಡಿಯಲ್ಲೇ ಕೂರಿಸುವುದು ನನಗೆ ಸರಿಯೆನಿಸದು. ಆ ಯಂತ್ರ ಅನೇಕ ಸಲ ನಿಲ್ಲುವುದು ಎಚ್ಚರಿಕೆಯಿಂದಲೇ.

ಕುರ್ಚಿ ಓರೆಯಾಗಿ ತಿರುಗಿದ್ದರೆ, ಕೈಯಾಸರೆ ಮೇಲೆತ್ತಿದ್ದರೆ ಅದು ಹೊರಡದು. ಕಾಲಿಡುವ ಹಲಗೆಯ ಅಂಚಿಗೆ ಚಪ್ಪಲಿ ತಗುಲಿದರೂ ನಿಲ್ಲುತ್ತದೆ. ತುಸು ಹಿಂದಕ್ಕೆ ಒಯ್ದು ಅಡ್ಡಿಯನ್ನು ತೆಗೆದರೆ ಸಾಕು. ಕುರ್ಚಿಯ ಗುಂಡಿಗೆ ಓಗೊಟ್ಟು ರಿಮೋಟಿಗೆ ಓಗೊಡದಿದ್ದರೆ, ರಿಮೋಟಿನ ಸೆಲ್ ಮುಗಿದಿರಬಹುದು.

ಸಾಮಾನ್ಯವಾಗಿ ಇದು 12 ವೋಲ್ಟಿನ ಎರಡು ಬ್ಯಾಟರಿಗಳಿಂದ ನಡೆಯುವುದರಿಂದ, ಕರೆಂಟ್ ಹೋದಾಗಲೂ ಕೆಲವು ಬಾರಿ ಹತ್ತಿಳಿಯಬಹುದು. ಹೆಚ್ಚಿನವು ಚಾರ್ಜ್ ಆಗುವುದು ಹಳಿಯ ತುದಿಗಳಲ್ಲಿ. ನಡುವೆ ನಿಲ್ಲಿಸಿದಾಗ ಬೀಪ್ ಎಂದು ಕೂಗುವುದು ಅದಕ್ಕಾಗಿಯೇ. ಮಿತವ್ಯಯದ ಹೆಸರಿನಲ್ಲಿ ಚಾರ್ಜರಿನ ಸ್ವಿಚ್ಚನ್ನು ಆರಿಸಬೇಡಿ. ಹತ್ತುವಾಗ ಮಾತ್ರ ಏದುಸಿರು ಬಿಟ್ಟಂತೆ ನಿಧಾನವಾದರೆ ಬ್ಯಾಟರಿಗೆ ವಯಸ್ಸಾಗಿರಬಹುದು. ಮೂರರಿಂದ ಐದು ವರ್ಷಕ್ಕೆ ಬದಲಿಸಬೇಕಾದೀತು.

ಸುಟ್ಟ ವಾಸನೆ, ಕರ್ಕಶ ಸದ್ದು ಬಂದರೆ ಮಾತ್ರ ತಕ್ಷಣ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಯಿರಿ. ಸೆನ್ಸರನ್ನು ತಪ್ಪಿಸಿ ಓಡಿಸುವ ಜಾಣತನ ಎಂದಿಗೂ ಬೇಡ.

ಇಷ್ಟನ್ನು ಮೊದಲು ಅರಿಯಬೇಕಾದವರು ಅದರಲ್ಲಿ ಕೂರುವವರೇ. ದಪ್ಪ ಕನ್ನಡ ಅಕ್ಷರಗಳಲ್ಲಿ ಬರೆದು ಮೆಟ್ಟಿಲಿನ ಎರಡೂ ತುದಿಗಳಲ್ಲಿ ಅಂಟಿಸಿ. ಕೆಳಗಿಳಿಯಲು ತಾಯಿ ಮಗನ ಬಿಡುವಿಗೆ ಕಾಯಬಾರದೆಂದಲ್ಲವೇ ಆ ಕುರ್ಚಿಯನ್ನು ತಂದದ್ದು? ಅದರ ಗುಟ್ಟು ಮಗನೊಬ್ಬನಲ್ಲೇ ಉಳಿದರೆ, ಆಕೆಯ ಕಾಯುವಿಕೆ ತಪ್ಪಿತೆಲ್ಲಿ?