ಬ್ರೇಕಿನ ಪೆಡಲೂ ಪಾದದ ಅರಿವೂ

ಹೊಸ ಮೋಟಾರು ಗಾಡಿಯನ್ನು ಕೊಳ್ಳಹೊರಟ ಗೃಹಸ್ಥರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನು ನಾವು ಈಚೆಗೆ ಹಲವು ಬಾರಿ ಕೇಳಿದ್ದೇವೆ. ಅಶ್ವಶಕ್ತಿ ಎಷ್ಟು, ಲೀಟರಿಗೆ ಎಷ್ಟು ಕಿಲೋಮೀಟರು ಓಡುವುದು, ಛಾವಣಿಯಲ್ಲಿ ಗಾಜಿನ ಕಿಂಡಿಯುಂಟೆ, ನೂರು ಕಿಲೋಮೀಟರು ವೇಗಕ್ಕೆ ಎಷ್ಟು ಸೆಕೆಂಡುಗಳಲ್ಲಿ ಏರುವುದು, ಇತ್ಯಾದಿ. ಇಷ್ಟೆಲ್ಲವನ್ನೂ ವಿಚಾರಿಸುವವರು 'ಇದು ನಿಲ್ಲುವುದು ಹೇಗೆ?' ಎಂದು ಕೇಳಿದ್ದನ್ನು ಮಾತ್ರ ನಾವು ಕಂಡಿಲ್ಲ. ತರುಣರಿಗೆ ಓಟದ ಸುಖವೂ ಬೇಕು, ತಂದೆತಾಯಿಗಳನ್ನು ಹಿಂದೆ ಕುಳ್ಳಿರಿಸಿಕೊಂಡು ಹೋಗುವ ಅನುಕೂಲವೂ ಬೇಕು. ಆದಕಾರಣ ಚುರುಕಾದ ಸೆಡಾನ್ ಗಾಡಿಗಳು ಮನೆಮನೆಯ ಮಾತಾಗಿವೆ. ಅಂತಹ ಗಾಡಿಯ ಬ್ರೇಕಿನ ವಿಚಾರವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ. ಗತಿರೋಧಕವೆಂದು ಬರೆಯಲು ನಮಗೂ ಬರುವುದು. ಆದರೆ ಮನೆಮಂದಿಯೆಲ್ಲ ಬ್ರೇಕೆನ್ನುವಾಗ ನಾವೊಬ್ಬರೇ ಬೇರೆ ನುಡಿಯುವುದು ಅನಾವಶ್ಯಕ.

ಮೊದಲು ಒಂದು ಲೆಕ್ಕ. ವೇಗವು ಇಮ್ಮಡಿಯಾದರೆ ಗಾಡಿಯನ್ನು ನಿಲ್ಲಿಸಲು ಬೇಕಾಗುವ ದೂರವು ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುವುದು. ಒಣಗಿದ ಒಳ್ಳೆಯ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರು ವೇಗದಲ್ಲಿರುವ ಗಾಡಿಯು ಬ್ರೇಕನ್ನು ಬಲವಾಗಿ ಒತ್ತಿದ ಮೇಲೆ ಸುಮಾರು 10 ಮೀಟರಿನಲ್ಲಿ ನಿಂತರೆ, 100 ಕಿಲೋಮೀಟರು ವೇಗದಲ್ಲಿ ಸುಮಾರು 40 ಮೀಟರು ಬೇಕು. ಇದಕ್ಕೆ ಮೊದಲು, ಎದುರಿಗೆ ಎಮ್ಮೆ ಬಂದಿತೆಂದು ಕಣ್ಣಿಗೆ ತಿಳಿದು ಕಾಲು ಪೆಡಲಿಗೆ ಬರುವ ಒಂದು ಸೆಕೆಂಡಿನಲ್ಲಿಯೇ ಗಾಡಿ 28 ಮೀಟರು ಮುಂದೆ ಹೋಗಿರುತ್ತದೆ. ಎಮ್ಮೆಗೆ ಈ ಲೆಕ್ಕ ತಿಳಿಯದು, ಸಾರಥಿಗೆ ತಿಳಿದಿರಬೇಕು.

ಬ್ರೇಕು ಮಾಡುವ ಕೆಲಸವೇನೆಂದರೆ ವೇಗವನ್ನು ಶಾಖವನ್ನಾಗಿ ಮಾರ್ಪಡಿಸುವುದು. ಐದು ಜನರು ಕುಳಿತ 1600 ಕಿಲೋಗ್ರಾಂ ತೂಕದ ಗಾಡಿಯನ್ನು 100 ಕಿಲೋಮೀಟರು ವೇಗದಿಂದ ಒಮ್ಮೆ ನಿಲ್ಲಿಸಿದರೆ ಹುಟ್ಟುವ ಶಾಖದಿಂದ ಸುಮಾರು ಎರಡು ಲೀಟರು ತಣ್ಣೀರನ್ನು ಕುದಿಯುವ ಹದಕ್ಕೆ ತರಬಹುದು. ಇದು ಒಂದು ಪಾತ್ರೆಯ ಮಾತಾಯಿತು. ಅದೇ ಗಾಡಿ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವಾಗ, ಸುಮಾರು 500 ಮೀಟರು ಇಳಿತವೆಂದು ಹಿಡಿದರೂ, ಹೊರಬರುವ ಶಕ್ತಿ 25 ಲೀಟರು ನೀರನ್ನು ಕುದಿಸುವಷ್ಟು. ಒಂದು ಹಂಡೆಯ ಮಾತು! ಗಾಳಿಯೂ ಎಂಜಿನ್ನೂ ಇದರಲ್ಲಿ ಒಂದು ಪಾಲನ್ನು ಹೊರುತ್ತವೆ. ಕೆಳಗಿನ ಗೇರಿನಲ್ಲಿ ಇಳಿದರೆ ಆ ಪಾಲು ದೊಡ್ಡದಾಗುತ್ತದೆ. ಮೇಲಿನ ಗೇರಿನಲ್ಲಿ ಕಾಲನ್ನು ಬ್ರೇಕಿನ ಮೇಲಿಟ್ಟುಕೊಂಡೇ ತಿರುವುಗಳನ್ನೆಲ್ಲ ಇಳಿದರೆ ಹೆಚ್ಚುಕಡಿಮೆ ಇಡಿಯ ಹಂಡೆ ಪ್ಯಾಡು ಡಿಸ್ಕುಗಳ ಮೇಲೆ ಬೀಳುತ್ತದೆ.

ಆ ಶಾಖವು ಅಲ್ಲಿಗೇ ನಿಲ್ಲದೆ ಮೆಲ್ಲಗೆ ಬ್ರೇಕ್ ಆಯಿಲಿಗೂ ತಲುಪುತ್ತದೆ. ಆಯಿಲೆಂದು ಕರೆಯುವುದು ರೂಢಿ. ವಾಸ್ತವವಾಗಿ ಸಾಮಾನ್ಯ ಗಾಡಿಗಳಲ್ಲಿರುವುದು ಎಣ್ಣೆಯಲ್ಲ, ಗ್ಲೈಕಾಲ್ ಜಾತಿಯ ದ್ರವ. ನಿಜವಾದ ಎಣ್ಣೆಯನ್ನು ಹುಯ್ದರೆ ಒಳಗಿನ ರಬ್ಬರು ಸೀಲುಗಳು ಊದಿ ಕೆಡುತ್ತವೆ. ಈ ದ್ರವಕ್ಕೆ ಒಂದು ದುರ್ಗುಣವುಂಟು: ಗಾಳಿಯಲ್ಲಿರುವ ತೇವವನ್ನು ಹೀರುತ್ತಾ ಹೋಗುತ್ತದೆ. ಡಾಟ್ 4 ಎಂಬ ದರ್ಜೆಯ ಹೊಸ ದ್ರವವು 230 ಡಿಗ್ರಿ ಸೆಲ್ಸಿಯಸಿಗಿಂತ ಮೊದಲು ಕುದಿಯಬಾರದೆಂಬುದು ನಿಯಮ. ನೂರಕ್ಕೆ ನಾಲ್ಕು ಪಾಲಿನ ಸಮೀಪ ನೀರನ್ನು ಕುಡಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ದ್ರವವು ಒತ್ತಿದರೆ ಕುಗ್ಗುವುದಿಲ್ಲ, ಆವಿಯು ಕುಗ್ಗುತ್ತದೆ. ಕೊಳವೆಯಲ್ಲಿ ಆವಿ ಹುಟ್ಟಿತೆಂದರೆ, ಒತ್ತಿದ ಪೆಡಲು ಮೆತ್ತಗೆ ನೆಲಕ್ಕೆ ಹೋಗಿ ಕುಳಿತುಕೊಳ್ಳುತ್ತದೆ, ಗಾಡಿ ಮಾತ್ರ ಹೋಗುತ್ತಲೇ ಇರುತ್ತದೆ. ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಿರೆಂದು ತಯಾರಕರು ಸಾಮಾನ್ಯವಾಗಿ ಹೇಳುವುದು ಈ ಕಾರಣದಿಂದ. ನಮ್ಮಲ್ಲಿ ಎಂಜಿನ್ ಆಯಿಲನ್ನು ತಪ್ಪದೆ ಬದಲಿಸುವವರೂ ಇದನ್ನು ಗಾಡಿ ಮಾರುವವರೆಗೆ ಮುಟ್ಟುವುದಿಲ್ಲ.

ಇಲ್ಲಿಂದಲೇ ಪೆಡಲಿನ ಸ್ಪರ್ಶದ ವಿಚಾರ ಹೊರಡುತ್ತದೆ. ಅದು ಪಂದ್ಯದ ಗಾಡಿಯವರ ಚಪಲವೆಂದು ಕೆಲವರು ತಿಳಿದಿದ್ದಾರೆ. ನಮ್ಮ ಅಭಿಪ್ರಾಯ ಹಾಗಲ್ಲ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಬುದ್ಧಿಯು ಸಾರಥಿ, ಮನಸ್ಸು ಪ್ರಗ್ರಹ, ಎಂದರೆ ಲಗಾಮು. ಲಗಾಮು ಸಾರಥಿಯ ಆಜ್ಞೆಯನ್ನು ಕುದುರೆಗೆ ಮುಟ್ಟಿಸುವುದಷ್ಟೇ ಅಲ್ಲದೆ ಕುದುರೆಯ ಬಾಯಿಯ ಸುದ್ದಿಯನ್ನು ಸಾರಥಿಯ ಕೈಗೂ ತರುತ್ತದೆ. ಬ್ರೇಕಿನ ಪೆಡಲೂ ಹಾಗೆಯೇ. ಸ್ವಲ್ಪ ಒತ್ತಿದರೆ ಸ್ವಲ್ಪ, ಹೆಚ್ಚು ಒತ್ತಿದರೆ ಅದೇ ಪ್ರಮಾಣದಲ್ಲಿ ಹೆಚ್ಚು ಗಾಡಿಯನ್ನು ತಡೆಯುವ, ಇಂದು ಇದ್ದಲ್ಲಿಯೇ ನಾಳೆಯೂ ಗಟ್ಟಿಯಾಗಿ ಸಿಕ್ಕುವ ಪೆಡಲು ಒಳ್ಳೆಯದು. ಅಂತಹುದರಲ್ಲಿ ವ್ಯತ್ಯಾಸ ಬಂದರೆ ಪಾದಕ್ಕೆ ಒಡನೆಯೇ ತಿಳಿಯುತ್ತದೆ. ಹತ್ತಿಯ ಮೂಟೆಯನ್ನು ಒತ್ತಿದಂತಾದರೆ ಕೊಳವೆಯಲ್ಲಿ ಗಾಳಿ ಸೇರಿರಬಹುದು. ಒತ್ತಿದಾಗ ಪಾದದಡಿ ನಡುಕ ಬಂದರೆ ಡಿಸ್ಕಿನ ದಪ್ಪ ಏರುಪೇರಾಗಿರಬಹುದು. ಘಟ್ಟದಲ್ಲಿ ನಿನ್ನೆಗಿಂತ ಆಳಕ್ಕೆ ಹೋಯಿತೆಂದರೆ ಆ ಕ್ಷಣವೇ ಬದಿಗೆ ನಿಲ್ಲಿಸಿ ತಣಿಯಗೊಡಬೇಕು. ಮೊದಲಿನಿಂದಲೂ ಮೆತ್ತಗಿರುವ ಪೆಡಲು ಈ ಎಚ್ಚರಿಕೆಯನ್ನು ಕೊಡಲಾರದು. ನಲವತ್ತು ಮೀಟರಿನಲ್ಲಿ ನಿಲ್ಲುತ್ತದೆಂಬ ಅಂಕಿಯನ್ನು ಪತ್ರಿಕೆಗಳು ಅಚ್ಚು ಮಾಡುತ್ತವೆ. ಇದನ್ನು ಅಂಕಿಯಲ್ಲಿ ಅಚ್ಚು ಮಾಡುವ ಬಗೆಯಿಲ್ಲ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಮುಟ್ಟಿದೊಡನೆ ಗಬಕ್ಕನೆ ಕಚ್ಚುವ ಬ್ರೇಕು ಅಂಗಡಿಯ ಹತ್ತು ನಿಮಿಷದ ಓಟದಲ್ಲಿ ಬಹು ಬಲಿಷ್ಠವೆಂದು ತೋರುತ್ತದೆ. ಹಿಂದೆ ಕುಳಿತ ಅಜ್ಜಿಯ ತಲೆ ಪ್ರತಿ ಸಿಗ್ನಲಿನಲ್ಲಿಯೂ ಮುಂದಕ್ಕೆ ಬಾಗಿ ಹಿಂದಕ್ಕೆ ಬಡಿಯುವುದು, ಮಕ್ಕಳು ತಿರುವುಗಳಲ್ಲಿ ವಾಂತಿ ಮಾಡುವುದು, ಇವು ಗಾಡಿ ಮನೆಗೆ ಬಂದ ಮೇಲಿನ ಸಂಗತಿಗಳು.

ಕಾಲಿನ ಬಲವನ್ನು ಹೆಚ್ಚಿಸಿಕೊಡುವ ಬೂಸ್ಟರೆಂಬ ಡಬ್ಬಿಯು ಪೆಟ್ರೋಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಓಡುವಾಗ ಉಂಟಾಗುವ ನಿರ್ವಾತದಿಂದ ಕೆಲಸ ಮಾಡುತ್ತದೆ. ಎಂಜಿನ್ ನಿಲ್ಲಿಸಿದರೆ ಎರಡು ಮೂರು ಒತ್ತಿನೊಳಗೆ ಅದರ ಸಹಾಯ ಮುಗಿದು ಪೆಡಲು ಕಲ್ಲಿನಂತಾಗುತ್ತದೆ. ಪೆಟ್ರೋಲು ಉಳಿಯುವುದೆಂದು ಇಳಿಜಾರಿನಲ್ಲಿ ಎಂಜಿನ್ ಆರಿಸಿ ಜಾರುವವರು ಇಂದಿಗೂ ಇದ್ದಾರೆ. ಇದು ಆತ್ಮಹತ್ಯೆಗೆ ಸಮಾನ. ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿರುವಾಗ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ತಾವಾಗಿಯೇ ಪೆಟ್ರೋಲನ್ನು ತಡೆಯುತ್ತವೆ. ಹೀಗಿರಲು ಆ ಜಿಪುಣತನದಿಂದ ಉಳಿಯುವುದೂ ಏನಿಲ್ಲ.

ಹಿಂದಿನ ಚಕ್ರಗಳಿಗೆ ಡಿಸ್ಕೋ ಡ್ರಮ್ಮೋ ಎಂಬ ವಾದವನ್ನು ತರುಣರು ಬಹಳ ಆವೇಶದಿಂದ ನಡೆಸುತ್ತಾರೆ. 2022ರಲ್ಲಿ ಫೋಕ್ಸ್‌ವ್ಯಾಗನ್ ವರ್ಟಸ್ ನಮ್ಮ ದೇಶದಲ್ಲಿ ಬಂದಾಗ 150 ಅಶ್ವಶಕ್ತಿಯ ಅದರ ಜಿಟಿ ಮಾದರಿಗೂ ಹಿಂದೆ ಡ್ರಮ್ಮುಗಳೇ ಇದ್ದವು; 2023ರ ಹ್ಯುಂಡೈ ವರ್ನಾದ ಟರ್ಬೊ ಮಾದರಿಗೆ ನಾಲ್ಕಕ್ಕೂ ಡಿಸ್ಕು ಬಂದಿತು. ಬಲವಾಗಿ ಬ್ರೇಕು ಹಾಕಿದಾಗ ಗಾಡಿಯ ಭಾರ ಮುಂದಕ್ಕೆ ಸರಿಯುವುದರಿಂದ ಕೆಲಸದ ಮುಕ್ಕಾಲು ಪಾಲು ಮುಂದಿನ ಚಕ್ರಗಳದೇ. ಆದ್ದರಿಂದ ಊರೊಳಗೆ ಓಡಾಡುವವರು ಡ್ರಮ್ಮಿಗಾಗಿ ನಿದ್ದೆಗೆಡಬೇಕಾಗಿಲ್ಲ. ಆದರೆ ಡ್ರಮ್ಮು ಶಾಖವನ್ನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತದೆ, ಕಾದಾಗ ಹಿಗ್ಗಿ ಪೆಡಲಿನ ಓಟವನ್ನು ಉದ್ದ ಮಾಡುತ್ತದೆ. ತುಂಬಿದ ಸಂಸಾರದೊಡನೆ ಮಲೆನಾಡಿನ ಘಟ್ಟಗಳನ್ನು ಮತ್ತೆ ಮತ್ತೆ ಹತ್ತಿಳಿಯುವವರು ಡಿಸ್ಕನ್ನು ಬಯಸುವುದು ನ್ಯಾಯವೇ. ಮುಂದಿನ ಕ್ಯಾಲಿಪರುಗಳಿಗೆ ಬಳಿದ ಕೆಂಪು ಬಣ್ಣವು ಗಾಡಿಯನ್ನು ಒಂದು ಗೇಣು ಮೊದಲು ನಿಲ್ಲಿಸಿದ್ದನ್ನು ನಾವು ಕೇಳಿಲ್ಲ.

ಕಟ್ಟಕಡೆಗೆ ನೆಲವನ್ನು ಹಿಡಿಯುವುದು ಟೈರು. ಅದು ಸವೆದಿದ್ದರೆ ಮೇಲಿನ ವಿದ್ಯೆಯೆಲ್ಲ ವ್ಯರ್ಥ. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಕಡ್ಡಾಯವಾದ ಎಬಿಎಸ್ ಚಕ್ರಗಳು ಸಿಕ್ಕಿಕೊಂಡು ಜಾರದಂತೆ ಕಾಯುತ್ತದೆ. ಆಗ ಪೆಡಲು ಕಟಕಟನೆ ಅದುರುವುದನ್ನು ಕಂಡು ಹೆದರಿ ಕಾಲೆತ್ತಬಾರದು, ಒತ್ತಿ ಹಿಡಿದೇ ಸ್ಟಿಯರಿಂಗನ್ನು ತಿರುಗಿಸಬೇಕು.

ಗಾಡಿಯನ್ನು ಪರೀಕ್ಷಿಸುವಾಗ ವೇಗವನ್ನು ನೋಡಿದ ಬಳಿಕ ಖಾಲಿ ರಸ್ತೆಯಲ್ಲಿ, ಮನೆಯ ಹಿರಿಯರೊಬ್ಬರನ್ನು ಹಿಂದೆ ಕುಳ್ಳಿರಿಸಿ, 40 ಕಿಲೋಮೀಟರು ವೇಗದಿಂದ ಮೆಲ್ಲಗೆ ನಿಲ್ಲಿಸಿ ನೋಡಿರಿ. ಕೊನೆಯ ಗಜದಲ್ಲಿ ಗಾಡಿ ಕುಲುಕಿತೇ ಎಂದು ಅವರನ್ನು ಕೇಳಿರಿ. ಅನಂತರ ನಿಂತಲ್ಲಿಯೇ, ಎಂಜಿನ್ ಓಡುತ್ತಿರುವಾಗ, ಪೆಡಲನ್ನು ಅರ್ಧ ನಿಮಿಷ ಒಂದೇ ಸಮನಾಗಿ ಒತ್ತಿ ಹಿಡಿಯಿರಿ. ಮೆಲ್ಲಮೆಲ್ಲನೆ ಕೆಳಗಿಳಿಯಿತೆಂದರೆ ಒಳಗೆ ಎಲ್ಲಿಯೋ ಸೋರಿಕೆಯುಂಟು. ಹಳೆಯ ಗಾಡಿಯಾದರೆ ಬ್ರೇಕ್ ಆಯಿಲ್ ಬದಲಿಸಿದ ತಾರೀಖು ಸರ್ವಿಸ್ ಪುಸ್ತಕದಲ್ಲಿದೆಯೇ ಎಂದು ಹುಡುಕಿರಿ. ಇಲ್ಲವಾದರೆ ಬದಲಿಸಿದ ಮೇಲೆಯೇ ಘಟ್ಟದ ಪ್ರಯಾಣಕ್ಕೆ ದಿನ ನೋಡಿರಿ.